ರೈತರ ಸಹಾಯಧನ ಎಲ್ಲಿ ನಿಲ್ಲುತ್ತದೆ? – ಗ್ರಾಮ ಪಂಚಾಯಿತಿ ಸದಸ್ಯರಿಗೆ ಅಧ್ಯಯನ ಪಾಠ



2024ರ ಮೇ ತಿಂಗಳು. ಬರ ಪರಿಹಾರದ ಹಣ ರೈತರ ಖಾತೆಗಳಿಗೆ ಜಮೆಯಾಗುತ್ತಿದ್ದ ದಿನಗಳವು. ಜಗಳೂರು ತಾಲ್ಲೂಕಿನ ಗ್ರಾಮವೊಂದರ ಮಹಿಳೆ ಪಂಚಾಯಿತಿ ಕಚೇರಿಗೆ ಬಂದರು. ಕೈಯಲ್ಲಿ ಬ್ಯಾಂಕ್ ಪಾಸ್ ಪುಸ್ತಕ ಹಾಗೂ ಮಡಿಕೆಗಳಲ್ಲಿ ಹರಿದುಹೋಗಿದ್ದ ಪಹಣಿ ಇದ್ದವು. ಅವರು ಕೇಳಿದ್ದು ಒಂದೇ ಪ್ರಶ್ನೆ: "ಸಾರ್, ಬದುವಿನ ಆಚೆ ಹೊಲದೋರಿಗೆ ದುಡ್ಡು ಬಂತು. ಅವರ ಹೊಲಕ್ಕೆ ಬಾರದ ಮಳೆ ನನ್ನ ಹೊಲಕ್ಕೆ ಬಂದಿತ್ತಾ?"

ಪಹಣಿಯನ್ನು ಬಿಡಿಸಿ ನೋಡಿದಾಗ ಉತ್ತರ ಅಲ್ಲಿಯೇ ಇತ್ತು. 3 ಎಕರೆ 20 ಗುಂಟೆ ಜಮೀನು ಅವರ ಮಾವನವರ ಹೆಸರಿನಲ್ಲಿತ್ತು. ಮಾವನವರು ತೀರಿಕೊಂಡು ಹಲವು ವರ್ಷಗಳಾಗಿದ್ದವು. ಅನಂತರ ಪತಿಯೂ ತೀರಿಕೊಂಡಿದ್ದರು. ಹೊಲವನ್ನು ಉತ್ತು ಬಿತ್ತಿ ನಷ್ಟ ಅನುಭವಿಸಿದವರು ಈ ಮಹಿಳೆ. ಆದರೆ ದಾಖಲೆಯ ಪ್ರಕಾರ ಆ ಹೊಲದ ರೈತ ಈ ಲೋಕದಲ್ಲಿರಲಿಲ್ಲ. ಹಣವನ್ನು ಯಾರ ಖಾತೆಗೆ ಹಾಕಬೇಕು?

ಇನ್ನೊಂದು ಮಾತನ್ನು ಮುಚ್ಚಿಡದೆ ಹೇಳಬೇಕು. ಅವರು ಹಿಂದಿನ ವರ್ಷವೂ ನನ್ನ ಬಳಿಗೆ ಬಂದಿದ್ದರು. "ಇದು ಪಂಚಾಯಿತಿಗೆ ಸಂಬಂಧಿಸಿದ ವಿಷಯವಲ್ಲ, ಕಂದಾಯ ಇಲಾಖೆಯಲ್ಲಿ ವಿಚಾರಿಸಿ" ಎಂದು ನಾನೇ ಕಳುಹಿಸಿದ್ದೆ. ನಿಯಮದ ಪ್ರಕಾರ ನನ್ನ ಮಾತು ಸರಿಯಾಗಿತ್ತು. ಆದರೆ ಅಂದು ಅರ್ಧ ಗಂಟೆ ಕುಳಿತು ಪೌತಿ ಖಾತೆಯ ಅರ್ಜಿ ಬರೆಸಿದ್ದರೆ ಬರ ಪರಿಹಾರದ ವೇಳೆಗೆ ಅವರ ಹೆಸರು ಪಹಣಿಯಲ್ಲಿ ಬಂದಿರುತ್ತಿತ್ತು. ಈ ಪಾಠವನ್ನು ಬರೆಯಲು ಆ ಅರ್ಧ ಗಂಟೆಯೇ ಕಾರಣ.

1. ಪಾಠದ ಉದ್ದೇಶ

ಸಹಾಯಧನವನ್ನು ಮಂಜೂರು ಮಾಡುವ ಅಧಿಕಾರ ಗ್ರಾಮ ಪಂಚಾಯಿತಿಗೆ ಇಲ್ಲ. ಕೃಷಿ, ತೋಟಗಾರಿಕೆ ಹಾಗೂ ಕಂದಾಯ ಇಲಾಖೆಗಳು ಆ ಕಾರ್ಯವನ್ನು ನಿರ್ವಹಿಸುತ್ತವೆ. ಹಾಗೆಂದು ಇದು ನಮ್ಮ ವಿಷಯವಲ್ಲವೆನ್ನಲಾಗದು. ಸಂವಿಧಾನದ 73ನೇ ತಿದ್ದುಪಡಿಯಿಂದ ಸೇರ್ಪಡೆಯಾದ ಹನ್ನೊಂದನೇ ಅನುಸೂಚಿಯ 29 ವಿಷಯಗಳಲ್ಲಿ ಮೊದಲನೆಯದೇ ಕೃಷಿ. ಯಾವ ಹೊಲವನ್ನು ಯಾರು ಉಳುತ್ತಾರೆ, ಯಾವ ಮನೆಯಲ್ಲಿ ಯಾರು ತೀರಿಕೊಂಡರು, ಯಾರ ಬೆಳೆ ಒಣಗಿತು ಎಂಬುದು ಯಾವ ತಂತ್ರಾಂಶಕ್ಕಿಂತಲೂ ಮೊದಲು ವಾರ್ಡಿನ ಸದಸ್ಯರಿಗೆ ತಿಳಿದಿರುತ್ತದೆ. ಈ ತಿಳಿವಳಿಕೆಯನ್ನು ಸಕಾಲದಲ್ಲಿ ದಾಖಲೆಗೆ ತಲುಪಿಸುವುದು ಹೇಗೆ ಎಂಬುದೇ ಈ ಪಾಠದ ವಿಷಯ.

2. ಯಾವ ಹಣ, ಯಾವ ಆಧಾರದ ಮೇಲೆ?

ರೈತರು ಎಲ್ಲವನ್ನೂ "ಸರ್ಕಾರದ ದುಡ್ಡು" ಎಂದೇ ಕರೆಯುತ್ತಾರೆ. ಆದರೆ ನಾಲ್ಕು ಬಗೆಯ ಹಣಕ್ಕೆ ನಾಲ್ಕು ಬಗೆಯ ನಿಯಮಗಳಿವೆ.

(ಅ) ಆದಾಯ ಬೆಂಬಲ: ಪ್ರಧಾನ ಮಂತ್ರಿ ಕಿಸಾನ್ ಸಮ್ಮಾನ್ ನಿಧಿಯು 2019ರ ಫೆಬ್ರುವರಿ 24ರಂದು ಚಾಲನೆಗೊಂಡಿತು. ವರ್ಷಕ್ಕೆ 6,000 ರೂ.ಗಳನ್ನು ತಲಾ 2,000 ರೂ.ಗಳ ಮೂರು ಕಂತುಗಳಲ್ಲಿ ನೀಡಲಾಗುತ್ತದೆ. ಆರಂಭದಲ್ಲಿ 2 ಹೆಕ್ಟೇರ್‌ವರೆಗಿನ ಹಿಡುವಳಿದಾರರಿಗೆ ಸೀಮಿತವಾಗಿದ್ದ ಯೋಜನೆಯನ್ನು ಅದೇ ವರ್ಷ ಭೂಮಿಯುಳ್ಳ ಎಲ್ಲ ಅರ್ಹ ರೈತ ಕುಟುಂಬಗಳಿಗೆ ವಿಸ್ತರಿಸಲಾಯಿತು. ಇಲ್ಲಿ ಬೆಳೆ ಯಾವುದು ಎಂಬುದು ಮುಖ್ಯವಲ್ಲ. ಭೂ ಒಡೆತನ ಮುಖ್ಯ.

(ಆ) ವಿಪತ್ತು ಪರಿಹಾರ: ಬರ, ಅತಿವೃಷ್ಟಿ, ಪ್ರವಾಹಗಳಿಂದ ಶೇ. 33 ಅಥವಾ ಅದಕ್ಕಿಂತ ಹೆಚ್ಚು ಬೆಳೆ ಹಾನಿಯಾದಾಗ ನೀಡುವ ಸಹಾಯ. ಇಲ್ಲಿ ಒಡೆತನದ ಜೊತೆಗೆ ಬೆಳೆಯ ವಿವರವೂ ಬೇಕು.

(ಇ) ಬೆಳೆ ವಿಮೆ: 2016ರ ಮುಂಗಾರಿನಿಂದ ಜಾರಿಯಲ್ಲಿರುವ ಪ್ರಧಾನ ಮಂತ್ರಿ ಫಸಲ್ ಬಿಮಾ ಯೋಜನೆ. ಮುಂಗಾರು ಬೆಳೆಗೆ ವಿಮಾ ಮೊತ್ತದ ಶೇ. 2, ಹಿಂಗಾರಿಗೆ ಶೇ. 1.5, ವಾಣಿಜ್ಯ ಮತ್ತು ತೋಟಗಾರಿಕೆ ಬೆಳೆಗಳಿಗೆ ಶೇ. 5 ರೈತರ ಗರಿಷ್ಠ ಪಾಲು. ಉಳಿದ ವಿಮಾ ಕಂತನ್ನು ಸರ್ಕಾರಗಳು ಭರಿಸುತ್ತವೆ. ನೋಂದಾಯಿಸಿದವರಿಗೆ ಮಾತ್ರ ಹಣ ದೊರೆಯುತ್ತದೆ.

(ಈ) ಘಟಕ ಸಹಾಯಧನ: ಕೃಷಿ ಭಾಗ್ಯದ ಕೃಷಿ ಹೊಂಡ, ಹನಿ ಮತ್ತು ತುಂತುರು ನೀರಾವರಿ, ಯಂತ್ರೋಪಕರಣಗಳು ಮುಂತಾದವುಗಳಿಗೆ ನೀಡುವ ನೆರವು. ಇದು ಅರ್ಜಿ, ಅರ್ಹತೆ ಹಾಗೂ ಅನುದಾನದ ಲಭ್ಯತೆಯನ್ನು ಅವಲಂಬಿಸಿದೆ.

ಚನ್ನಗಿರಿಯ ಅಡಿಕೆ ಬೆಳೆಗಾರರು, ಹೊನ್ನಾಳಿ ಮತ್ತು ನ್ಯಾಮತಿಯ ಭತ್ತ ಹಾಗೂ ಮೆಕ್ಕೆಜೋಳದ ರೈತರು, ಮಳೆಯನ್ನೇ ನಂಬಿದ ಜಗಳೂರಿನ ರೈತರು ಒಂದೇ ಜಿಲ್ಲೆಯವರಾದರೂ ಅವರಿಗೆ ಮುಖ್ಯವಾಗುವ ಯೋಜನೆ ಬೇರೆ ಬೇರೆ. ಆದ್ದರಿಂದ "ಹಣ ಬಂದಿಲ್ಲ" ಎಂದು ಯಾರಾದರೂ ಬಂದಾಗ ಸದಸ್ಯರು ಮೊದಲು ಕೇಳಬೇಕಾದ ಪ್ರಶ್ನೆ: "ಯಾವ ಹಣ?"

3. ಐದು ತೂಬುಗಳು

ಭದ್ರಾ ನಾಲೆಯ ನೀರನ್ನು ಕಂಡವರಿಗೆ ಈ ಉಪಮೆ ಸುಲಭವಾಗಿ ಅರ್ಥವಾಗುತ್ತದೆ. ಜಲಾಶಯದಲ್ಲಿ ನೀರಿದ್ದರೂ ಹೊಲದವರೆಗಿನ ತೂಬುಗಳಲ್ಲಿ ಒಂದು ಮುಚ್ಚಿದ್ದರೆ ಕೊನೆಯಂಚಿನ ರೈತನಿಗೆ ಹನಿ ನೀರೂ ತಲುಪುವುದಿಲ್ಲ. ಉಳಿದ ನಾಲ್ಕು ತೂಬುಗಳು ತೆರೆದಿದ್ದರೂ ಪ್ರಯೋಜನವಿಲ್ಲ. ಸಹಾಯಧನದ ಹಾದಿಯಲ್ಲಿಯೂ ಇಂತಹ ಐದು ತೂಬುಗಳಿವೆ.

ಮೊದಲನೆಯದು, ಪಹಣಿ. ಪಹಣಿಯಲ್ಲಿ ಜೀವಂತ ಹಿಡುವಳಿದಾರರ ಹೆಸರಿರಬೇಕು. ನಮ್ಮ ಗ್ರಾಮಗಳಲ್ಲಿ ಅತ್ಯಂತ ಹೆಚ್ಚು ತೊಡಕು ಇರುವುದು ಇಲ್ಲಿಯೇ. ಅಣ್ಣತಮ್ಮಂದಿರ ನಡುವೆ ಪಾಲು ಇತ್ಯರ್ಥವಾಗಿಲ್ಲವೆಂಬ ಕಾರಣಕ್ಕೆ ಪೌತಿ ಖಾತೆಯನ್ನೂ ಮುಂದೂಡುತ್ತಾರೆ. ಇವೆರಡೂ ಬೇರೆ ಬೇರೆ ಎಂಬುದನ್ನು ಸದಸ್ಯರು ತಿಳಿಸಿ ಹೇಳಬೇಕು. ಪೌತಿ ಖಾತೆಯೆಂದರೆ ಮೃತರ ಹೆಸರಿನ ಬದಲು ಎಲ್ಲ ವಾರಸುದಾರರ ಹೆಸರನ್ನು ಜಂಟಿಯಾಗಿ ದಾಖಲಿಸುವುದು. ಇದರಿಂದ ಯಾರ ಹಕ್ಕೂ ಕಡಿಮೆಯಾಗುವುದಿಲ್ಲ. ಹೆಣ್ಣುಮಕ್ಕಳ ಹಕ್ಕೂ ಉಳಿಯುತ್ತದೆ. ವಿಭಾಗ ಅನಂತರವೂ ಆಗಬಹುದು. ಮರಣ ಪ್ರಮಾಣಪತ್ರ ಮತ್ತು ವಂಶವೃಕ್ಷದೊಂದಿಗೆ ಕಂದಾಯ ಇಲಾಖೆಗೆ ಅರ್ಜಿ ಸಲ್ಲಿಸಬೇಕು.

ಪಿಎಂ-ಕಿಸಾನ್ ಯೋಜನೆಯಲ್ಲಿ 2019ರ ಫೆಬ್ರುವರಿ 1ರಂದು ಭೂ ದಾಖಲೆಯಲ್ಲಿ ಹೆಸರಿದ್ದವರು ಅರ್ಹರು. ಆ ದಿನಾಂಕದ ನಂತರ ಕ್ರಯಕ್ಕೆ ಪಡೆದವರಿಗೆ ಅವಕಾಶವಿಲ್ಲ. ಆದರೆ ಹಿಡುವಳಿದಾರರ ಮರಣದಿಂದ ವಾರಸಾ ಹಕ್ಕಿನಲ್ಲಿ ಭೂಮಿ ಪಡೆದವರಿಗೆ ವಿನಾಯಿತಿ ಇದೆ. "ದಿನಾಂಕ ಮುಗಿದಿದೆ" ಎಂಬ ಮಾತನ್ನು ಕೇಳಿ ಹಿಂದಿರುಗಿದ ವಿಧವೆಯರು ನಿಮ್ಮ ವಾರ್ಡಿನಲ್ಲಿದ್ದರೆ ಈ ವಿನಾಯಿತಿಯನ್ನು ಅವರಿಗೆ ತಿಳಿಸಿ.

ಎರಡನೆಯದು, ಎಫ್‌ಐಡಿ. ರಾಜ್ಯದ 'ಫ್ರೂಟ್ಸ್' ತಂತ್ರಾಂಶದಲ್ಲಿ ರೈತರಿಗೆ ನೀಡುವ ಗುರುತಿನ ಸಂಖ್ಯೆಯಿದು. ಆಧಾರ್, ಪಹಣಿ ಮತ್ತು ಬ್ಯಾಂಕ್ ಖಾತೆಯ ವಿವರಗಳು ಇಲ್ಲಿ ಒಂದುಗೂಡುತ್ತವೆ. ಎಫ್‌ಐಡಿ ಇದ್ದ ಮಾತ್ರಕ್ಕೆ ಕೆಲಸ ಮುಗಿಯಿತೆಂದು ತಿಳಿಯಬಾರದು. ಒಬ್ಬ ರೈತರಿಗೆ ಮೂರು ಸರ್ವೆ ನಂಬರುಗಳಲ್ಲಿ ಜಮೀನಿದ್ದು ಎಫ್‌ಐಡಿಯಲ್ಲಿ ಒಂದನ್ನು ಮಾತ್ರ ಸೇರಿಸಿದ್ದರೆ ಉಳಿದ ಎರಡಕ್ಕೆ ಪರಿಹಾರ ಬರುವುದಿಲ್ಲ. ಹೋಬಳಿಯ ರೈತ ಸಂಪರ್ಕ ಕೇಂದ್ರದಲ್ಲಿ ಎಲ್ಲ ಸರ್ವೆ ನಂಬರುಗಳನ್ನೂ ಸೇರಿಸಿಕೊಳ್ಳಬೇಕು. ಹೆಸರಿನ ವ್ಯತ್ಯಾಸವೂ ತೊಡಕನ್ನು ತರುತ್ತದೆ. ಪಹಣಿಯಲ್ಲಿ "ಬಸಪ್ಪ ಬಿನ್ ಹನುಮಂತಪ್ಪ" ಎಂದೂ ಆಧಾರ್‌ನಲ್ಲಿ "ಬಸವರಾಜಪ್ಪ ಹೆಚ್." ಎಂದೂ ಇದ್ದರೆ ಊರಿನವರಿಗೆ ಇಬ್ಬರೂ ಒಬ್ಬರೇ, ಯಂತ್ರಕ್ಕೆ ಇಬ್ಬರು ಬೇರೆ ಬೇರೆ ವ್ಯಕ್ತಿಗಳು.

ಮೂರನೆಯದು, ಬೆಳೆ ಸಮೀಕ್ಷೆ. ಪ್ರತಿ ಹಂಗಾಮಿನಲ್ಲಿ ಪ್ರತಿ ಸರ್ವೆ ನಂಬರ್ ಮತ್ತು ಹಿಸ್ಸಾದ ಬೆಳೆಯನ್ನು ಸ್ಥಳದಲ್ಲಿಯೇ ಛಾಯಾಚಿತ್ರದೊಂದಿಗೆ ಮೊಬೈಲ್ ಆ್ಯಪ್‌ನಲ್ಲಿ ದಾಖಲಿಸಲಾಗುತ್ತದೆ. ರೈತರು ತಾವೇ ದಾಖಲಿಸಬಹುದು; ಇಲ್ಲವಾದರೆ ನಿಯೋಜಿತ ಖಾಸಗಿ ನಿವಾಸಿಗಳು ದಾಖಲಿಸುತ್ತಾರೆ. ಮೆಕ್ಕೆಜೋಳವಿದ್ದ ಹೊಲವನ್ನು "ಪಾಳು" ಎಂದು ದಾಖಲಿಸಿದರೆ ಬೆಳೆ ಹಾನಿಯೇ ಆಗಿಲ್ಲವೆಂದಾಗುತ್ತದೆ. ಬೆಂಬಲ ಬೆಲೆಯ ಖರೀದಿಗೂ ವಿಮೆಯ ಪರಿಶೀಲನೆಗೂ ಇದೇ ಮಾಹಿತಿ ಬಳಕೆಯಾಗುತ್ತದೆ. ದಾಖಲಾದ ವಿವರವನ್ನು 'ಬೆಳೆ ದರ್ಶಕ್' ಆ್ಯಪ್‌ನಲ್ಲಿ ನೋಡಿ, ತಪ್ಪಿದ್ದರೆ ನಿಗದಿತ ಅವಧಿಯೊಳಗೆ ಆಕ್ಷೇಪಣೆ ಸಲ್ಲಿಸಬೇಕು. ಕಟಾವಾದ ಮೇಲೆ ಸಾಕ್ಷ್ಯ ಹೊಲದಲ್ಲಿ ಉಳಿದಿರುವುದಿಲ್ಲ.

ನಾಲ್ಕನೆಯದು, ಆಧಾರ್ ಮತ್ತು ಬ್ಯಾಂಕ್ ಖಾತೆಯ ಜೋಡಣೆ. "ಬ್ಯಾಂಕಿಗೆ ಆಧಾರ್ ಕೊಟ್ಟಿದ್ದೇನೆ" ಎಂದು ರೈತರು ಹೇಳುತ್ತಾರೆ. ಅದು ನಿಜವೇ ಇರಬಹುದು. ಆದರೆ ಖಾತೆಯ ದಾಖಲೆಯಲ್ಲಿ ಆಧಾರ್ ಸಂಖ್ಯೆ ಇರುವುದು ಒಂದು. ರಾಷ್ಟ್ರೀಯ ಪಾವತಿ ನಿಗಮದ (ಎನ್‌ಪಿಸಿಐ) ನಕ್ಷೆಯಲ್ಲಿ ಆ ಆಧಾರ್ ಯಾವ ಬ್ಯಾಂಕಿಗೆ ಜೋಡಣೆಯಾಗಿದೆ ಎಂಬುದು ಇನ್ನೊಂದು. ಆಧಾರ್ ಆಧಾರಿತ ಪಾವತಿ ಎರಡನೆಯದನ್ನು ಮಾತ್ರ ನೋಡುತ್ತದೆ. ಒಂದು ಆಧಾರ್ ಸಂಖ್ಯೆಗೆ ಒಂದು ಸಮಯದಲ್ಲಿ ಒಂದೇ ಬ್ಯಾಂಕ್ ಜೋಡಣೆ ಇರುತ್ತದೆ. ರೈತರು ಇತ್ತೀಚೆಗೆ ಬೇರೆ ಬ್ಯಾಂಕಿನಲ್ಲಿ ಖಾತೆ ತೆರೆದು ಜೋಡಣೆಗೆ ಒಪ್ಪಿಗೆ ನೀಡಿದ್ದರೆ ಹಣ ಅಲ್ಲಿಗೆ ಹೋಗಿರುತ್ತದೆ. ಹಳೆಯ ಪಾಸ್ ಪುಸ್ತಕವನ್ನೇ ಮತ್ತೆ ಮತ್ತೆ ನಮೂದು ಮಾಡಿಸಿ "ಬಂದಿಲ್ಲ" ಎನ್ನುವ ಅನೇಕರ ಹಣ ಮತ್ತೊಂದು ಖಾತೆಯಲ್ಲಿ ಸುರಕ್ಷಿತವಾಗಿರುವುದುಂಟು. 'ಡಿಬಿಟಿ ಕರ್ನಾಟಕ' ಆ್ಯಪ್‌ನಲ್ಲಿ ರೈತರು ತಮಗೆ ಬಂದ ಪಾವತಿಗಳನ್ನೂ ಜೋಡಣೆಯ ಸ್ಥಿತಿಯನ್ನೂ ನೋಡಬಹುದು.

ಐದನೆಯದು, ಅರ್ಹತೆ ಮತ್ತು ಇ-ಕೆವೈಸಿ. ಪಿಎಂ-ಕಿಸಾನ್‌ಗೆ ಇ-ಕೆವೈಸಿ ಕಡ್ಡಾಯ. ಪತಿ, ಪತ್ನಿ ಹಾಗೂ ಅಪ್ರಾಪ್ತ ಮಕ್ಕಳು ಸೇರಿ ಒಂದು ಕುಟುಂಬ. ಪತಿ-ಪತ್ನಿಯರ ಹೆಸರಿನಲ್ಲಿ ಪ್ರತ್ಯೇಕ ಜಮೀನಿದ್ದರೂ ಒಂದೇ ಸೌಲಭ್ಯ. ಆದಾಯ ತೆರಿಗೆ ಪಾವತಿಸುವವರು, ಡಿ ದರ್ಜೆಯವರನ್ನು ಹೊರತುಪಡಿಸಿ ಸರ್ಕಾರಿ ನೌಕರರು ಹಾಗೂ ನಿವೃತ್ತರು, ಮಾಸಿಕ 10,000 ರೂ. ಅಥವಾ ಹೆಚ್ಚಿನ ಪಿಂಚಣಿದಾರರು, ವೃತ್ತಿಯಲ್ಲಿರುವ ವೈದ್ಯರು, ವಕೀಲರು, ಎಂಜಿನಿಯರುಗಳು, ಹಾಲಿ ಮತ್ತು ಮಾಜಿ ಶಾಸಕರು, ಸಂಸದರು, ಜಿಲ್ಲಾ ಪಂಚಾಯಿತಿ ಅಧ್ಯಕ್ಷರು ಮೊದಲಾದವರು ಅನರ್ಹರು. ಗ್ರಾಮ ಪಂಚಾಯಿತಿ ಸದಸ್ಯತ್ವದಿಂದಲೇ ಯಾರೂ ಅನರ್ಹರಾಗುವುದಿಲ್ಲ. ಆದರೆ ಮೇಲಿನ ಇತರ ಕಾರಣಗಳು ನಮಗೂ ಅನ್ವಯಿಸುತ್ತವೆ. ಅನರ್ಹರಾಗಿದ್ದು ಪಡೆದ ಹಣವನ್ನು ಹಿಂದಿರುಗಿಸಬೇಕಾಗುತ್ತದೆ.

4. ಒಂದು ಲೆಕ್ಕ

2023ರಲ್ಲಿ ರಾಜ್ಯದ 236 ತಾಲ್ಲೂಕುಗಳ ಪೈಕಿ 223ನ್ನು ಬರಪೀಡಿತವೆಂದು ಘೋಷಿಸಲಾಯಿತು. ರಾಜ್ಯ ಸರ್ಕಾರ ಮೊದಲ ಕಂತಾಗಿ ಪ್ರತಿ ರೈತರಿಗೆ ಗರಿಷ್ಠ 2,000 ರೂ. ನೀಡಿತು. ಕೇಂದ್ರದಿಂದ 2024ರ ಏಪ್ರಿಲ್ ಕೊನೆಯಲ್ಲಿ ನೆರವು ಬಿಡುಗಡೆಯಾದ ಬಳಿಕ ಉಳಿದ ಮೊತ್ತ ಪಾವತಿಯಾಯಿತು. ಆ ಅವಧಿಯ ವಿಪತ್ತು ಪರಿಹಾರ ಮಾರ್ಗಸೂಚಿಯ ದರಗಳು ಹೀಗಿದ್ದವು:

• ಮಳೆಯಾಶ್ರಿತ ಬೆಳೆ: ಹೆಕ್ಟೇರ್‌ಗೆ 8,500 ರೂ. (ಎಕರೆಗೆ ಸುಮಾರು 3,440 ರೂ.)
• ನೀರಾವರಿ ಬೆಳೆ: ಹೆಕ್ಟೇರ್‌ಗೆ 17,000 ರೂ. (ಎಕರೆಗೆ ಸುಮಾರು 6,880 ರೂ.)
• ಬಹುವಾರ್ಷಿಕ ಬೆಳೆ: ಹೆಕ್ಟೇರ್‌ಗೆ 22,500 ರೂ. (ಎಕರೆಗೆ ಸುಮಾರು 9,105 ರೂ.)

ಗರಿಷ್ಠ ಮಿತಿ 2 ಹೆಕ್ಟೇರ್, ಅಂದರೆ ಸುಮಾರು 4 ಎಕರೆ 38 ಗುಂಟೆ.

ಆರಂಭದಲ್ಲಿ ಹೇಳಿದ ಮಹಿಳೆಯ ಜಮೀನನ್ನು ತೆಗೆದುಕೊಳ್ಳೋಣ. 3 ಎಕರೆ 20 ಗುಂಟೆ ಎಂದರೆ 3.5 ಎಕರೆ, ಅಂದರೆ 1.416 ಹೆಕ್ಟೇರ್. ಮಳೆಯಾಶ್ರಿತ ಮೆಕ್ಕೆಜೋಳ ಪೂರ್ಣ ಹಾನಿಗೊಳಗಾಗಿದ್ದರೆ 1.416 × 8,500 = ಸುಮಾರು 12,036 ರೂ. ಮೊದಲ ಕಂತಿನ 2,000 ರೂ. ಕಳೆದರೆ ಎರಡನೆಯ ಕಂತಿನಲ್ಲಿ ಸುಮಾರು 10,036 ರೂ. ಬರಬೇಕಾಗಿತ್ತು. ಮುಂದಿನ ಬಿತ್ತನೆಯ ಬೀಜ ಮತ್ತು ಗೊಬ್ಬರಕ್ಕೆ ಅದು ಸಾಕಾಗುತ್ತಿತ್ತೇ ಎಂಬುದನ್ನು ನಿಮ್ಮ ಊರಿನ ದರದಲ್ಲಿ ನೀವೇ ಲೆಕ್ಕ ಹಾಕಿ. ಆ ಹಣ ಬಾರದಿದ್ದಾಗ ಅವರು ಬಡ್ಡಿಗೆ ಸಾಲ ತಂದು ಬಿತ್ತನೆ ಮಾಡಿದರು.

ಈ ಲೆಕ್ಕದಿಂದ ಇನ್ನೊಂದು ಅಂಶವೂ ತಿಳಿಯುತ್ತದೆ. ಚನ್ನಗಿರಿಯಲ್ಲಿ ಒಂದು ಎಕರೆ ಅಡಿಕೆ ತೋಟವನ್ನು ಸಮೀಕ್ಷೆಯಲ್ಲಿ ತಪ್ಪಾಗಿ ಮಳೆಯಾಶ್ರಿತ ಮೆಕ್ಕೆಜೋಳವೆಂದು ದಾಖಲಿಸಿದರೆ ಪರಿಹಾರ 9,105 ರೂ.ಗಳ ಬದಲು 3,440 ರೂ. ಆಗುತ್ತದೆ. ಮೊಬೈಲ್ ಪರದೆಯ ಮೇಲೆ ಒಂದು ಬೆರಳಿನ ತಪ್ಪಿಗೆ ಎಕರೆಗೆ 5,665 ರೂ. ವ್ಯತ್ಯಾಸ. ಹಾಗೆಯೇ ಮಳೆಯಾಶ್ರಿತ ಹೊಲವನ್ನು ನೀರಾವರಿ ಎಂದು ದಾಖಲಿಸಿ ಹೆಚ್ಚು ಪಡೆಯುವುದೂ ತಪ್ಪೇ. ಸದಸ್ಯರು ಎರಡನ್ನೂ ಒಂದೇ ದೃಷ್ಟಿಯಿಂದ ನೋಡಬೇಕು.

5. ಬೆಳೆ ವಿಮೆಯಲ್ಲಿ ಗ್ರಾಮ ಪಂಚಾಯಿತಿಯೇ ಘಟಕ

ಮುಖ್ಯ ಬೆಳೆಗಳ ವಿಮೆಗೆ ಗ್ರಾಮ ಪಂಚಾಯಿತಿಯೇ ವಿಮಾ ಘಟಕ. ಅಂದರೆ ಒಬ್ಬ ರೈತರ ಹೊಲದ ನಷ್ಟವನ್ನಲ್ಲ, ಇಡೀ ಪಂಚಾಯಿತಿಯ ಸರಾಸರಿ ಇಳುವರಿಯನ್ನು ಅಳೆದು ಪರಿಹಾರ ನಿರ್ಧರಿಸಲಾಗುತ್ತದೆ. ಯಾದೃಚ್ಛಿಕವಾಗಿ ಆಯ್ಕೆಯಾದ ಸರ್ವೆ ನಂಬರುಗಳಲ್ಲಿ ಬೆಳೆ ಕಟಾವು ಪ್ರಯೋಗ ನಡೆಸಿ ಆ ಸರಾಸರಿಯನ್ನು ಕಂಡುಕೊಳ್ಳಲಾಗುತ್ತದೆ. ಹಿಂದಿನ ವರ್ಷಗಳ ಇಳುವರಿಯಿಂದ ಪ್ರಾರಂಭಿಕ ಇಳುವರಿಯೆಂಬ ಮಟ್ಟವೊಂದನ್ನು ಮೊದಲೇ ನಿಗದಿಪಡಿಸಿರುತ್ತಾರೆ.

ಉದಾಹರಣೆಗಾಗಿ, ಪ್ರಾರಂಭಿಕ ಇಳುವರಿ ಹೆಕ್ಟೇರ್‌ಗೆ 20 ಕ್ವಿಂಟಲ್, ಪ್ರಯೋಗದಲ್ಲಿ ಕಂಡ ಇಳುವರಿ 14 ಕ್ವಿಂಟಲ್ ಎಂದು ಭಾವಿಸೋಣ. ಕೊರತೆ 6 ಕ್ವಿಂಟಲ್, ಅಂದರೆ 20ರಲ್ಲಿ ಶೇ. 30. ವಿಮಾ ಮೊತ್ತ 50,000 ರೂ. ಆಗಿದ್ದರೆ ಪರಿಹಾರ 15,000 ರೂ. ಆ ಪಂಚಾಯಿತಿಯಲ್ಲಿ ಆ ಬೆಳೆಗೆ ವಿಮೆ ಮಾಡಿಸಿದ ಪ್ರತಿಯೊಬ್ಬರಿಗೂ ಇದೇ ಪ್ರಮಾಣ ಅನ್ವಯಿಸುತ್ತದೆ. ಕಟಾವು ಪ್ರಯೋಗಕ್ಕೆ ಆಯ್ಕೆಯಾದ ಹೊಲದ ರೈತರು ತಿಳಿಯದೆ ಮುಂಚಿತವಾಗಿ ಕಟಾವು ಮಾಡಿಬಿಟ್ಟರೆ ಅಥವಾ ಪ್ರಯೋಗವನ್ನು ಕಾಟಾಚಾರಕ್ಕೆ ನಡೆಸಿದರೆ ಇಡೀ ಪಂಚಾಯಿತಿಯ ಲೆಕ್ಕ ಏರುಪೇರಾಗುತ್ತದೆ. ಆ ದಿನ ಸದಸ್ಯರು ಹೊಲದಲ್ಲಿ ಹಾಜರಿರಬೇಕು. ಇಳುವರಿಯನ್ನು ಕಡಿಮೆ ತೋರಿಸಿರೆಂದು ಒತ್ತಾಯಿಸಲು ಅಲ್ಲ, ತೂಕ ಸರಿಯಾಗಿ ದಾಖಲಾಗುವುದನ್ನು ನೋಡಲು.

ಅಡಿಕೆ ಮೊದಲಾದ ತೋಟದ ಬೆಳೆಗಳಿಗೆ ಹವಾಮಾನ ಆಧಾರಿತ ವಿಮೆ ಅನ್ವಯಿಸುತ್ತದೆ. ಇಲ್ಲಿ ಇಳುವರಿಯ ಬದಲು ಮಳೆ ಮತ್ತಿತರ ಹವಾಮಾನ ಅಂಶಗಳ ಅಳತೆಯೇ ಆಧಾರ. ಗ್ರಾಮ ಪಂಚಾಯಿತಿ ಮಟ್ಟದಲ್ಲಿ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವು ಸ್ಥಾಪಿಸಿರುವ ಸ್ವಯಂಚಾಲಿತ ಮಳೆಮಾಪಕ ನಿಮ್ಮಲ್ಲಿ ಎಲ್ಲಿದೆ ಎಂದು ನೋಡಿದ್ದೀರಾ? ಅದರ ಮೇಲೆ ಮರದ ಕೊಂಬೆ ಬಾಗಿದ್ದರೆ, ಬೇಲಿ ಮುರಿದು ದನಕರು ಉಜ್ಜುತ್ತಿದ್ದರೆ ಅಳತೆ ತಪ್ಪುತ್ತದೆ. ನೂರಾರು ತೋಟಗಳ ವಿಮೆ ಆ ಒಂದು ಕಂಬದ ಮೇಲೆ ನಿಂತಿದೆ.

ಆಲಿಕಲ್ಲು ಮಳೆಯಂತಹ ಸ್ಥಳೀಯ ವಿಕೋಪದಿಂದ ವಿಮೆ ಮಾಡಿಸಿದ ಬೆಳೆ ಹಾನಿಯಾದರೆ 72 ಗಂಟೆಗಳೊಳಗೆ ತಿಳಿಸಬೇಕು. ಸಹಾಯವಾಣಿ ಸಂಖ್ಯೆ 14447. ವಿಮೆಗೆ ನೋಂದಾಯಿಸಿದ ಬೆಳೆ ಮತ್ತು ಸಮೀಕ್ಷೆಯಲ್ಲಿ ದಾಖಲಾದ ಬೆಳೆ ಒಂದೇ ಆಗಿರಬೇಕು. ಇಲ್ಲವಾದರೆ ವಿಮಾ ಪ್ರಸ್ತಾವನೆ ತಿರಸ್ಕೃತವಾಗಬಹುದು.

6. ದಾಖಲೆಯ ಹೊರಗೆ ಉಳಿದವರು

ಐದೂ ತೂಬುಗಳನ್ನು ತೆರೆದರೂ ನೀರು ಕಾಣದ ಹೊಲಗಳು ಇನ್ನೂ ಇವೆ. ಕರ್ನಾಟಕದಲ್ಲಿ 1974ರ ಭೂ ಸುಧಾರಣಾ ತಿದ್ದುಪಡಿಯಿಂದ ಗೇಣಿ ಪದ್ಧತಿ ರದ್ದಾಯಿತು. ಆದ್ದರಿಂದ ಇಂದು ಗುತ್ತಿಗೆ ಅಥವಾ ಕೋರಿಗೆ ನಡೆಯುವ ಸಾಗುವಳಿ ಬಹುತೇಕ ಬಾಯಿಮಾತಿನದು. ಬೆಳೆ ಒಣಗಿದಾಗ ನಷ್ಟ ಉಳುವವರದು, ಪರಿಹಾರ ಪಹಣಿದಾರರದು. ಸರ್ಕಾರಿ ಜಮೀನನ್ನು ಸಾಗುವಳಿ ಮಾಡುತ್ತಾ ನಮೂನೆ 50, 53 ಅಥವಾ 57ರಲ್ಲಿ ಅರ್ಜಿ ಸಲ್ಲಿಸಿ ಕಾಯುತ್ತಿರುವ ಬಗರ್‌ಹುಕುಂ ರೈತರ ಸ್ಥಿತಿಯೂ ಹಾಗೆಯೇ ಇದೆ.

ಇದು ನಮ್ಮ ಜಿಲ್ಲೆಯೊಂದರ ಸಮಸ್ಯೆಯಲ್ಲ. 2018ರಲ್ಲಿ ತೆಲಂಗಾಣ ಆರಂಭಿಸಿದ 'ರೈತು ಬಂಧು' ಯೋಜನೆಯಲ್ಲಿ ಎಕರೆಗೆ ಹಂಗಾಮಿಗೆ 4,000 ರೂ. ನೀಡಿದಾಗಲೂ ಹಣ ಪಟ್ಟಾದಾರರಿಗೆ ಹೋಯಿತೇ ಹೊರತು ಗೇಣಿದಾರರಿಗೆ ಅಲ್ಲ. ಭೂಮಿಯ ದಾಖಲೆಯನ್ನು ಆಧಾರವಾಗಿಟ್ಟುಕೊಂಡ ಯಾವುದೇ ಪಾವತಿ ಮೊದಲು ಭೂಮಾಲೀಕರನ್ನೇ ಕಾಣುತ್ತದೆ.

ಇದನ್ನು ಸರಿಪಡಿಸುವ ಅಧಿಕಾರ ಪಂಚಾಯಿತಿಗೆ ಇಲ್ಲ. ಆದರೆ ಮೂರು ಕೆಲಸಗಳು ಸಾಧ್ಯ. ಗುತ್ತಿಗೆ ಸಾಗುವಳಿದಾರರು ಎಷ್ಟು ಮಂದಿ ಎಂಬುದನ್ನು ವಾರ್ಡ್ ಸಭೆಯಲ್ಲಿ ಚರ್ಚಿಸಿ ನಡಾವಳಿಯಲ್ಲಿ ದಾಖಲಿಸುವುದು. ಪರಿಹಾರ ಬಂದಾಗ ಉಳಿಮೆ ಮಾಡಿದವರೊಂದಿಗೆ ಹಂಚಿಕೊಳ್ಳುವ ಮಾತನ್ನು ಬಿತ್ತನೆಗೆ ಮೊದಲೇ ಹಿರಿಯರ ಸಮ್ಮುಖದಲ್ಲಿ ಆಡಿಕೊಳ್ಳುವಂತೆ ಹೇಳುವುದು. ಭೂಮಿ ಇಲ್ಲದೆಯೂ ದೊರೆಯುವ ಇತರ ಯೋಜನೆಗಳ ಫಲಾನುಭವಿಗಳ ಆಯ್ಕೆಯಲ್ಲಿ ಈ ಕುಟುಂಬಗಳನ್ನು ಮರೆಯದಿರುವುದು.

7. ಪಟ್ಟಿ ಪ್ರಕಟಣೆ: ಏನನ್ನು ತೋರಿಸಬೇಕು, ಏನನ್ನು ಮುಚ್ಚಬೇಕು

ಫಲಾನುಭವಿಗಳ ಪಟ್ಟಿ ಗ್ರಾಮದಲ್ಲಿ ಪ್ರಕಟವಾದರೆ ಅನರ್ಹರೂ ತಿಳಿಯುತ್ತಾರೆ, ಬಿಟ್ಟುಹೋದವರೂ ತಿಳಿಯುತ್ತಾರೆ. ಆದರೆ ಪ್ರಕಟಣೆಗೂ ಮಿತಿಯುಂಟು. ಯೂರೋಪಿನ ದೇಶಗಳಲ್ಲಿ ಕೃಷಿ ಸಹಾಯಧನ ಪಡೆದ ಎಲ್ಲರ ಹೆಸರು ಮತ್ತು ಮೊತ್ತವನ್ನು ಅಂತರ್ಜಾಲದಲ್ಲಿ ಪ್ರಕಟಿಸುವ ನಿಯಮವಿತ್ತು. ಜರ್ಮನಿಯ ರೈತರು ಪ್ರಶ್ನಿಸಿದ ಪ್ರಕರಣದಲ್ಲಿ 2010ರ ನವೆಂಬರ್‌ನಲ್ಲಿ ಯೂರೋಪಿಯನ್ ನ್ಯಾಯಾಲಯವು, ಯಾವ ಭೇದವನ್ನೂ ಮಾಡದೆ ವ್ಯಕ್ತಿಗಳ ವಿವರ ಪ್ರಕಟಿಸುವುದು ಸರಿಯಲ್ಲವೆಂದಿತು. ಅನಂತರ ರೂಪುಗೊಂಡ ನಿಯಮದಲ್ಲಿ ಪ್ರಕಟಣೆ ಮುಂದುವರಿಯಿತು. ಅತಿ ಸಣ್ಣ ಮೊತ್ತ ಪಡೆಯುವವರ ಹೆಸರನ್ನು ಮಾತ್ರ ಕೈಬಿಡಲಾಯಿತು.

ನಮಗೆ ಇದರಿಂದ ದೊರೆಯುವ ಪಾಠ ಸರಳವಾಗಿದೆ. ಸೂಚನಾ ಫಲಕದಲ್ಲಿ ಹೆಸರು, ಗ್ರಾಮ ಮತ್ತು ಯೋಜನೆಯ ವಿವರ ಇರಲಿ. ಆಧಾರ್ ಸಂಖ್ಯೆ, ಬ್ಯಾಂಕ್ ಖಾತೆ ಸಂಖ್ಯೆ ಹಾಗೂ ಮೊಬೈಲ್ ಸಂಖ್ಯೆ ಎಂದಿಗೂ ಇರಕೂಡದು. ಅಂತಹ ಪಟ್ಟಿಯ ಛಾಯಾಚಿತ್ರವನ್ನು ವಾಟ್ಸ್‌ಆ್ಯಪ್ ಗುಂಪುಗಳಿಗೆ ಕಳುಹಿಸುವುದು ಕಳ್ಳರಿಗೆ ಬೀಗದ ಕೈ ಕೊಟ್ಟಂತೆ.

8. ಸದಸ್ಯರ ಹಂಗಾಮುವಾರು ಕಾರ್ಯ

ಏಪ್ರಿಲ್–ಮೇ: ವಾರ್ಡಿನಲ್ಲಿ ಮೃತರ ಹೆಸರಿನಲ್ಲಿಯೇ ಇರುವ ಪಹಣಿಗಳ ಪಟ್ಟಿ ಮಾಡಿ, ಗ್ರಾಮ ಆಡಳಿತ ಅಧಿಕಾರಿಗಳಿಗೆ ನೀಡಿ. ಎಫ್‌ಐಡಿ ಇಲ್ಲದವರನ್ನೂ ಎಲ್ಲ ಸರ್ವೆ ನಂಬರ್ ಸೇರದವರನ್ನೂ ಗುರುತಿಸಿ. ಬಾಪೂಜಿ ಸೇವಾ ಕೇಂದ್ರದಲ್ಲಿ ಪಹಣಿ ಪಡೆಯಲು ನೆರವಾಗಿ.

ಜೂನ್–ಜುಲೈ: ವಿಮೆ ನೋಂದಣಿಯ ಕೊನೆಯ ದಿನಾಂಕವನ್ನು ಕೃಷಿ ಮತ್ತು ತೋಟಗಾರಿಕೆ ಇಲಾಖೆಗಳಿಂದ ಪಡೆದು ಡಂಗುರ ಸಾರಿಸಿ.

ಆಗಸ್ಟ್–ಸೆಪ್ಟೆಂಬರ್: ಬೆಳೆ ಸಮೀಕ್ಷೆ ನಿಮ್ಮ ವಾರ್ಡಿನ ಎಲ್ಲ ಹೊಲಗಳಲ್ಲಿ ನಡೆದಿದೆಯೇ ಎಂದು ವಿಚಾರಿಸಿ. ಆಕ್ಷೇಪಣೆಯ ಅವಧಿಯನ್ನು ಪ್ರಚಾರ ಮಾಡಿ.

ಅಕ್ಟೋಬರ್–ನವೆಂಬರ್: ಬೆಳೆ ಕಟಾವು ಪ್ರಯೋಗದ ದಿನಾಂಕ ತಿಳಿದು ಹಾಜರಿರಿ.

ವಾರ್ಡ್ ಸಭೆ ಮತ್ತು ಗ್ರಾಮ ಸಭೆ: ರೈತ ಸಂಪರ್ಕ ಕೇಂದ್ರದ ಅಧಿಕಾರಿಗಳನ್ನೂ ಕಂದಾಯ ಸಿಬ್ಬಂದಿಯನ್ನೂ ಆಹ್ವಾನಿಸಿ, ಒಂದೇ ಮೇಜಿನ ಸುತ್ತ ಪ್ರಕರಣಗಳನ್ನು ಪರಿಶೀಲಿಸಿ.

ಮಾಡಬಾರದ ಕೆಲಸಗಳೂ ಇವೆ. ರೈತರ ಪಾಸ್ ಪುಸ್ತಕ, ಎಟಿಎಂ ಕಾರ್ಡುಗಳನ್ನು ಇಟ್ಟುಕೊಳ್ಳಬೇಡಿ. ಒಟಿಪಿ ಕೇಳಬೇಡಿ. "ಹಣ ಹಾಕಿಸಿಕೊಡುತ್ತೇನೆ" ಎಂದು ಮಾತು ಕೊಡಬೇಡಿ. ನಾವು ದಾಖಲೆ ಸರಿಪಡಿಸಲು ನೆರವಾಗಬಲ್ಲೆವೇ ಹೊರತು ಹಣ ಹಾಕಿಸಲಾರೆವು. ಎಫ್‌ಐಡಿ ಮಾಡಿಸಿಕೊಡಲು ಯಾರಾದರೂ ಮಧ್ಯವರ್ತಿಗಳು ಹಣ ಕೇಳುತ್ತಿದ್ದರೆ ಸಭೆಯಲ್ಲಿ ಬಹಿರಂಗವಾಗಿ ಪ್ರಸ್ತಾಪಿಸಿ.

9. ಅಭ್ಯಾಸ

ಮುಂದಿನ ಸಾಮಾನ್ಯ ಸಭೆಗೆ ಬರುವ ಮೊದಲು ಪ್ರತಿಯೊಬ್ಬ ಸದಸ್ಯರೂ ತಮ್ಮ ವಾರ್ಡಿನ ಹತ್ತು ರೈತ ಕುಟುಂಬಗಳನ್ನು ಭೇಟಿ ಮಾಡಬೇಕು. ಹತ್ತರಲ್ಲಿ ಕನಿಷ್ಠ ಮೂರು ಮಹಿಳೆಯರೇ ನಡೆಸುವ ಕುಟುಂಬಗಳಾಗಿರಲಿ. ಒಂದು ಹಾಳೆಯಲ್ಲಿ ಐದು ಅಂಕಣಗಳನ್ನು ಹಾಕಿ: ಪಹಣಿ, ಎಫ್‌ಐಡಿ, ಬೆಳೆ ಸಮೀಕ್ಷೆ, ಬ್ಯಾಂಕ್ ಜೋಡಣೆ, ಇ-ಕೆವೈಸಿ. ಸರಿಯಿದ್ದಲ್ಲಿ ಸರಿ ಗುರುತು, ತೊಡಕಿದ್ದಲ್ಲಿ ಸೊನ್ನೆ ಹಾಕಿ. ಆಧಾರ್ ಅಥವಾ ಖಾತೆ ಸಂಖ್ಯೆಯನ್ನು ಬರೆದುಕೊಳ್ಳಬೇಡಿ. ಹಾಳೆಗಳನ್ನು ಒಟ್ಟುಗೂಡಿಸಿದಾಗ ನಿಮ್ಮ ಪಂಚಾಯಿತಿಯಲ್ಲಿ ಹೆಚ್ಚು ಸೊನ್ನೆಗಳು ಯಾವ ಅಂಕಣದಲ್ಲಿವೆ ಎಂಬುದು ತಾನಾಗಿಯೇ ತಿಳಿಯುತ್ತದೆ. ಆ ವರ್ಷದ ಕೆಲಸ ಅಲ್ಲಿಂದ ಆರಂಭವಾಗಲಿ.

ಚರ್ಚೆಗೆ ಪ್ರಶ್ನೆಗಳು:

1. ಪೌತಿ ಖಾತೆಗೂ ವಿಭಾಗಕ್ಕೂ ಇರುವ ವ್ಯತ್ಯಾಸವನ್ನು ನಿಮ್ಮ ಊರಿನ ಒಂದು ಕುಟುಂಬಕ್ಕೆ ಹೇಗೆ ವಿವರಿಸುವಿರಿ?
2. ರೈತರೊಬ್ಬರಿಗೆ ಪಿಎಂ-ಕಿಸಾನ್ ಹಣ ಬರುತ್ತಿದೆ, ಬರ ಪರಿಹಾರ ಬಂದಿಲ್ಲ. ಯಾವ ತೂಬುಗಳನ್ನು ಮೊದಲು ಪರಿಶೀಲಿಸುವಿರಿ? ಏಕೆ?
3. ನಿಮ್ಮ ಪಂಚಾಯಿತಿಯ ಮಳೆಮಾಪಕ ಎಲ್ಲಿದೆ? ಅದರ ಸುತ್ತಲಿನ ಜಾಗ ತೆರವಾಗಿದೆಯೇ?
4. ಪರಿಹಾರ ಪಡೆದ ಪಹಣಿದಾರರು ಮತ್ತು ನಷ್ಟ ಅನುಭವಿಸಿದ ಗುತ್ತಿಗೆದಾರರ ನಡುವೆ ವಿವಾದ ಬಂದರೆ ಸದಸ್ಯರ ಪಾತ್ರವೇನು?

ಕೊನೆಯದಾಗಿ, ಆ ಮಹಿಳೆಯ ವಿಷಯ. ಪೌತಿ ಖಾತೆಗೆ ಅರ್ಜಿ ಸಲ್ಲಿಸಿ, ವಾರಸುದಾರರೆಲ್ಲರ ಒಪ್ಪಿಗೆ ಪಡೆದು ಪಹಣಿ ಬದಲಾಗುವ ವೇಳೆಗೆ ಏಳು ತಿಂಗಳು ಕಳೆದಿದ್ದವು. ಅನಂತರ ಎಫ್‌ಐಡಿ ದೊರೆಯಿತು. ಮುಂದಿನ ಮುಂಗಾರಿಗೆ ಅವರು ಮೊದಲ ಬಾರಿಗೆ ತಮ್ಮ ಹೆಸರಿನಲ್ಲಿಯೇ ಬೆಳೆ ವಿಮೆ ಮಾಡಿಸಿದರು. ಬರದ ವರ್ಷದ ಹಣ ಮಾತ್ರ ಅವರಿಗೆ ಬರಲಿಲ್ಲ; ಮುಂದೆಯೂ ಬರುವುದಿಲ್ಲ. ಬರ ಘೋಷಣೆಯಾದ ಮೇಲೆ ದಾಖಲೆ ಹುಡುಕಲು ಹೊರಟರೆ ಹೀಗೆಯೇ ಆಗುತ್ತದೆ. ಮಳೆ ಚೆನ್ನಾಗಿರುವ ವರ್ಷದಲ್ಲಿಯೇ ನಿಮ್ಮ ವಾರ್ಡಿನ ಪಹಣಿಗಳನ್ನು ಬಿಡಿಸಿ ನೋಡಬೇಕೆಂದು ಕೋರುತ್ತೇನೆ.

– ಪಂಚಾಯಿತಿ ಅಭಿವೃದ್ಧಿ ಅಧಿಕಾರಿ